ಬನ್ನಿ ಇಲ್ಲದ ಹೋಗಿ

ನಮ್ಮ ಊರಿನಲ್ಲಿ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಹಿಟ್ಟಿನ ಗಿರಣಿಗೆ ಹೊರಟರೂ ‘ಬರ್ತೀನಿ’, ಹಿತ್ತಲಿನ ಬಚ್ಚಲಿಗೆ ಹೊರಟರೂ ‘ಬರ್ತೀನಿ’. ಬೇರೆ ಊರುಗಳಲ್ಲೂ ಹೀಗೇ ಅನ್ನುತ್ತಾರಂತೆ, ಆದರೆ ಅಲ್ಲಿ ಅದು ಬರೀ ಮರ್ಯಾದೆಯ ಮಾತು. ನಮ್ಮಲ್ಲಿ ಹಾಗಲ್ಲ. ನಮ್ಮೂರ ಬಸ್ಸಿನ ಕಂಡಕ್ಟರ್ ಕೂಡ ‘ಹೋಗೋಣ, ರೈಟ್’ ಅನ್ನದೆ ‘ಬರೋಣ, ರೈಟ್’ ಅನ್ನುತ್ತಾನೆ. ಹಿಂದೊಮ್ಮೆ ಹೊರಗಿನಿಂದ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರು ಸಂಜೆ ಬ್ಯಾಗು ಎತ್ತಿಕೊಂಡು ‘ಸರಿ, ನಾನಿನ್ನು ಹೋಗ್ತೀನಿ’ ಅಂದಾಗ ಕ್ಯಾಷಿಯರ್ ಅವರ ಎರಡೂ ಕೈ ಹಿಡಿದುಕೊಂಡು, ‘ಬರ್ತೀನಿ ಅನ್ನಿ ಸಾರ್, ನಿಮ್ಮನೇಲಿ ಸಣ್ಣ ಮಕ್ಕಳಿದಾವೆ’ ಎಂದು ಗೋಗರೆದನಂತೆ. ಮ್ಯಾನೇಜರು ಆರು ತಿಂಗಳಲ್ಲಿ ಬೇರೆ ಊರಿಗೆ ಹಾಕಿಸಿಕೊಂಡರು.

‘ಹೋಗ್ತೀನಿ’ ಎಂಬ ಮಾತನ್ನು ನಾವು ಕೊನೆಗೆ ಅಂತ ಇಟ್ಟುಕೊಂಡಿದ್ದೇವೆ. ವಯಸ್ಸಾಗಿ, ಮೈಯಲ್ಲಿ ಕಸುವಿಲ್ಲದೆ, ಇನ್ನು ಸಾಕು ಅನ್ನಿಸಿದವರು ಮನೆಯವರಲ್ಲಿ ಒಬ್ಬರನ್ನು ಆರಿಸಿಕೊಂಡು, ಅವರ ಮುಖ ನೋಡಿ ಹೇಳುತ್ತಾರೆ. ಆ ಒಬ್ಬರು ‘ಹೋಗಿ’ ಅನ್ನಬೇಕು. ಅಂದರೆ ಹೋಗುತ್ತಾರೆ. ಅನ್ನದಿದ್ದರೆ ನೋವು ತಿನ್ನುತ್ತಾ ಕಾಯುತ್ತಾರೆ. ಲಾರಿಗೆ ಸಿಕ್ಕವರು, ಬಾವಿಗೆ ಬಿದ್ದವರ ವಿಷಯ ಬೇರೆ, ಅವರಿಗೆ ಯಾರನ್ನೂ ಕೇಳುವ ಪುರಸೊತ್ತಿರುವುದಿಲ್ಲ. ಹೇಳುವುದಕ್ಕೆ ಇದೆಲ್ಲ ಸುಲಭ. ಆದರೆ ತೊಟ್ಟಿಲಿನಿಂದ ಎದ್ದಾಗಿನಿಂದ ಹೋಗುವವರಿಗೆಲ್ಲ ‘ಹೋಗ್ಬನ್ನಿ, ಹೋಗ್ಬನ್ನಿ’ ಅಂದುಕೊಂಡೇ ಬೆಳೆದ ನಾಲಿಗೆ ನಮ್ಮದು. ‘ಹೋಗಿ’ ಅಂದದ್ದೇ ತಡ, ಅದರ ಬಾಲ ಹಿಡಿದುಕೊಂಡು ‘ಬನ್ನಿ’ ತಾನಾಗಿ ಬಂದುಬಿಡುತ್ತದೆ. ಅದು ಬಂದರೆ ಹೋದವರೂ ಬಂದುಬಿಡುತ್ತಾರೆ.

ನಮ್ಮ ಅತ್ತೆ ಚೆನ್ನಾಜಮ್ಮನವರಿಗೆ ತೊಂಬತ್ತು ಆಗಿತ್ತೋ ದಾಟಿತ್ತೋ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ, ‘ನೀನೇನು ನಂಗೆ ಗಂಡು ಹುಡುಕ್ತೀಯಾ’ ಅನ್ನುತ್ತಿದ್ದರು. ಸೊಂಟ ಮುರಿದುಕೊಂಡ ಮೇಲೆ ಅವರ ಮಂಚ ನಮ್ಮ ಮುಂದಿನ ಕೋಣೆಗೆ ಬಂತು. ಅಲ್ಲೇ ನನ್ನ ಹೊಲಿಗೆ ಮೆಷಿನ್ನೂ ಇದೆ, ನಾನು ಬ್ಲೌಸ್ ಹೊಲಿಯುವವಳು. ಹಾಗಾಗಿ ಅಳತೆ ಕೊಡಲು ಬಂದ ಹೆಂಗಸರೆಲ್ಲ ಮೊದಲು ಅತ್ತೆಯ ಕಣ್ಣಿನ ಅಳತೆಗೆ ಸಿಕ್ಕಿ ಆಮೇಲೆ ನನ್ನ ಟೇಪಿಗೆ ಸಿಗಬೇಕಾಗಿತ್ತು. ‘ಹೋದ ಸಲಕ್ಕಿಂತ ಎರಡು ಬೆರಳು ಜಾಸ್ತಿ ಇಡು ಗಂಗಿ, ಊದ್ಕೊಂಡವ್ಳೆ’ ಎಂದು ಎದುರಿಗೇ ಹೇಳಿಬಿಡುತ್ತಿದ್ದರು. ಅತ್ತೆ ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಅದೇ ನನಗೆ ಇನ್ನೂ ಉರಿ.

ನಾವಿಬ್ಬರೂ ನಲವತ್ತು ವರ್ಷ ಜಗಳ ಆಡಿದ್ದೇವೆ. ಒಗ್ಗರಣೆಗೆ ಮೊದಲು ಸಾಸಿವೆಯೋ ಕರಿಬೇವೋ ಎಂಬುದರಿಂದ ಹಿಡಿದು ನಮ್ಮವರ ಅಳುಬುರುಕುತನ ಯಾರ ಕಡೆಯಿಂದ ಬಂದದ್ದು ಎಂಬುದರವರೆಗೆ. ನಮ್ಮವರು ಮರಿಬಸಪ್ಪ, ಸೊಸೈಟಿಯಲ್ಲಿ ಅಕ್ಕಿ ತೂಗುತ್ತಿದ್ದು ನಿವೃತ್ತರಾದವರು, ಮದುವೆಯ ಕರೆಯೋಲೆ ಓದಿದರೂ ಕಣ್ಣಲ್ಲಿ ನೀರು ತಂದುಕೊಳ್ಳುವವರು. ಆದ್ದರಿಂದ ಅತ್ತೆಗೆ ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸುವುದು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುವುದು ಎಲ್ಲ ನನ್ನದೇ ಪಾಲು. ಹುಣ್ಣು ನೋಡಿದರೆ ನಮ್ಮವರು ಅಳುತ್ತಿದ್ದರು. ಆಗ ನಾನು ಮುಲಾಮು ಬಿಟ್ಟು ಅವರಿಗೆ ನೀರು ಕೊಡಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ, ‘ಎಲ್ಲರನ್ನೂ ಕರಿ’ ಅಂದರು. ಅದರ ಅರ್ಥ ಎಲ್ಲರಿಗೂ ಗೊತ್ತು. ನನ್ನ ನಾದಿನಿ ಸರ್ವಮಂಗಳ ಮೊದಲ ಬಸ್ಸಿಗೇ ಬಂದಳು, ಬರುವಾಗ ಒಳ್ಳೆಯ ಸೀರೆ ಉಟ್ಟುಕೊಂಡೇ ಬಂದಿದ್ದಳು. ಯಾರನ್ನು ಆರಿಸುತ್ತಾರೋ ಅವರಿಗೆ ಊರಿನಲ್ಲಿ ದೊಡ್ಡ ಗೌರವ. ಮಗನೋ ಮಗಳೋ ಎಂದು ಬೀದಿಯವರೆಲ್ಲ ಮೊದಲೇ ಮಾತಾಡಿಕೊಂಡಿದ್ದರು. ಅತ್ತೆ ಮಗನ ಮುಖ ನೋಡಿದರು, ಅದು ಆಗಲೇ ನೆನೆದಿತ್ತು. ಮಗಳ ಮುಖ ನೋಡಿದರು, ಅವಳು ಸೆರಗು ಸರಿಮಾಡಿಕೊಂಡಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, ‘ಗಂಗೀ, ನಾನು ಹೋಗ್ತೀನಿ ಕಣೇ’ ಅಂದರು.

ನಾನು ಒಲೆಯ ಮೇಲೆ ಹಾಲಿಟ್ಟು ಬಂದವಳು, ಕಿವಿ ಅಡುಗೆಮನೆಯ ಕಡೆಗಿತ್ತು. ‘ಹೋಗ್ಬನ್ನಿ ಅತ್ತೆ’ ಅಂದುಬಿಟ್ಟೆ.

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಬೈಯಬೇಕು ಅಂತ ಬಾಯಿ ತೆರೆದರು, ಆದರೆ ಅಷ್ಟರೊಳಗೆ ಹೋಗಿಬಿಟ್ಟರು.

ಬರುತ್ತಾರೆ ಎಂದು ಗೊತ್ತಿದ್ದರೂ ಅಳದೆ ಇರಲಾಗುವುದಿಲ್ಲವಲ್ಲ. ಹಾರ ಬಂತು, ಬೆಂಚು ಬಂತು, ಪಕ್ಕದ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಬಂತು. ಸರ್ವಮಂಗಳ ಅಳುವುದು ಮುಗಿಸಿ ಮೂಗು ಒರೆಸಿಕೊಂಡು ಲೋಟ ಕೈಗೆ ತೆಗೆದುಕೊಂಡಿದ್ದಳು, ಮಂಚದ ಮೇಲಿಂದ, ‘ಅದನ್ನ ಇಲ್ಲಿ ಕೊಡು’ ಎಂಬ ಮಾತು ಕೇಳಿಸಿತು. ಅತ್ತೆ ಕೊರಳಿನ ಹಾರ ಪಕ್ಕಕ್ಕೆ ಸರಿಸಿ ಒಂದು ಗುಟುಕು ಕುಡಿದರು. ‘ಇದಕ್ಕೆ ಸಕ್ಕರೆ ಯಾಕೆ ಹಾಕಿಲ್ಲ’ ಅಂದರು. ಹಾಕಿದ್ದರು. ಮಧ್ಯಾಹ್ನ ಸಾರಿಗೂ ಉಪ್ಪಿಲ್ಲ ಅಂದರು. ಇತ್ತು. ಆಗ ನನಗೆ ಗೊತ್ತಾಯಿತು. ಹೋಗಿ ಬಂದವರು ಇಡಿಯಾಗಿ ಬರುವುದಿಲ್ಲ, ಏನಾದರೊಂದನ್ನು ಅಲ್ಲಿ ಬಿಟ್ಟು ಬರುತ್ತಾರೆ. ಅತ್ತೆ ನಾಲಿಗೆಯ ರುಚಿ ಬಿಟ್ಟು ಬಂದಿದ್ದರು.

ಹಿಂದಿನ ಬೀದಿಯಲ್ಲಿ ದ್ಯಾವಣ್ಣನವರು ಅಂತ ಇದ್ದಾರೆ. ಅವರ ಮಕ್ಕಳು ಬಹಳ ಮರ್ಯಾದಸ್ಥರು. ಪ್ರತಿ ಸಲವೂ ಕೈಮುಗಿದು ‘ಹೋಗ್ಬನ್ನಿ ಅಪ್ಪಾಜಿ’ ಅಂದರು, ಪ್ರತಿ ಸಲವೂ ಅಪ್ಪಾಜಿ ಬಂದರು. ಮೊದಲು ಕಿವಿ ಹೋಯಿತು, ಆಮೇಲೆ ಹೆಂಡತಿಯ ಹೆಸರು, ಆಮೇಲೆ ತಮ್ಮದೇ ಹೆಸರು. ಕೊನೆಯ ಸಲ ಆ ‘ಹೋಗ್ತೀನಿ’ ಎಂಬ ಮಾತನ್ನೇ ಅಲ್ಲಿ ಬಿಟ್ಟು ಬಂದರು. ಇನ್ನು ಅವರು ಕೇಳುವ ಹಾಗಿಲ್ಲ, ಯಾರೂ ಕಳಿಸುವ ಹಾಗಿಲ್ಲ. ಜಗಲಿಯ ಮೇಲೆ ಕೂತು ಲೈಟ್ ಕಂಬಕ್ಕೆ, ‘ಬನ್ನಿ, ಚೆನ್ನಾಗಿದೀರಾ, ಮಕ್ಕಳು ಹೇಗಿದಾರೆ’ ಎಂದು ವಿಚಾರಿಸುತ್ತಾರೆ. ‘ನಾವು ನಮ್ಮಪ್ಪನ್ನ ಬಿಟ್ಟುಕೊಟ್ಟಿಲ್ಲ’ ಎಂದು ಮಕ್ಕಳು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಕೇಳಿದವರು ತಲೆ ಆಡಿಸುತ್ತಾರೆ, ಆಮೇಲೆ ಮನೆಗೆ ಬಂದು ತಮ್ಮವರಿಗೆ, ‘ನನ್ನ ಮಾತ್ರ ಹಂಗೆ ಮಾಡ್ಬೇಡಿ’ ಅನ್ನುತ್ತಾರೆ.

ಅತ್ತೆಯೂ ಆ ರಾತ್ರಿ ಅದನ್ನೇ ಅಂದರು. ಬೈಗುಳವೆಲ್ಲ ಮುಗಿದ ಮೇಲೆ, ಬಹಳ ಸಣ್ಣ ದನಿಯಲ್ಲಿ, ‘ನನ್ನ ದ್ಯಾವಣ್ಣ ಮಾಡ್ಬೇಡ ಕಣೇ ಗಂಗಿ’ ಅಂದರು. ಅತ್ತೆ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಊರಿನವರಿಗೆ ಎರಡು ವಾರ ಬೇರೆ ಮಾತೇ ಇರಲಿಲ್ಲ. ಅತ್ತೆಯ ಮೇಲಿನ ಪ್ರೀತಿಯಿಂದ ನಾನು ಹಾಗೆ ಅಂದೆ ಎಂದು ಕೆಲವರು, ಬೇಕೆಂದೇ ಹಿಂಸೆ ಕೊಡಲು ಅಂದೆ ಎಂದು ಕೆಲವರು. ಹಾಲು ಉಕ್ಕುತ್ತಿತ್ತು ಎಂದರೆ ಯಾರೂ ನಂಬಲಿಲ್ಲ. ಸರ್ವಮಂಗಳ ಊರಿಗೆ ವಾಪಸ್ಸು ಹೋಗದೆ ಇಲ್ಲೇ ಉಳಿದಳು. ‘ಅವ್ವ, ಅತ್ತಿಗೆ ಸಹವಾಸ ಬೇಡ. ನಂಗೆ ಹೇಳು, ನಾನು ನೆಟ್ಟಗೆ ಕಳಿಸ್ಕೊಡ್ತೀನಿ’ ಅಂದಳು. ಅತ್ತೆ ಮಗಳ ಕಡೆ ತಿರುಗಿಯೂ ನೋಡಲಿಲ್ಲ. ‘ನೀನು ಹೋಗು ಅಂತ ಶುರು ಮಾಡಿ, ಎಲ್ಲಿಗೆ, ಯಾಕೆ, ಯಾವ ಸೀರೆ ಉಟ್ಕೊಂಡು ಅಂತೆಲ್ಲ ಕೇಳ್ತೀಯ. ನಿನ್ನ ಮಾತು ಮುಗಿಯೋದ್ರೊಳಗೆ ನಾನು ವಾಪಸ್ ಬಂದಿರ್ತೀನಿ.’ ನಮ್ಮವರು, ‘ಹಂಗಾದ್ರೆ ನಾನು...’ ಅಂದು ಮುಂದಿನದನ್ನು ಹೇಳಲಾಗದೆ ಎದ್ದುಹೋದರು. ‘ನೋಡಿದ್ಯಾ’ ಅಂದರು ಅತ್ತೆ. ‘ಒಬ್ಬನು ಅಳ್ತಾನೆ, ಒಬ್ಬಳು ಮಾತಾಡ್ತಾಳೆ. ನಾನು ಅಂದಿದ್ದು ಕೇಳಿಸ್ಕೊಂಡು ಸರಿಯಾಗಿ ಉತ್ತರ ಕೊಟ್ಟೋಳು ಈ ಮನೇಲಿ ಇವಳೊಬ್ಬಳೇ. ಇವಳಿಗೇ ಹೇಳೋದು.’ ಹೊಗಳಿದರೋ ತೆಗಳಿದರೋ ನನಗೆ ಗೊತ್ತಾಗಲಿಲ್ಲ. ಹೊಗಳಿದ್ದು ಅಂತಲೇ ಇಟ್ಟುಕೊಂಡೆ.

ಹೀಗೆ ನನ್ನ ಅಭ್ಯಾಸ ಶುರುವಾಯಿತು. ಪಾಠ ಹೇಳಿಕೊಟ್ಟವರು ಅತ್ತೆಯೇ. ‘ಚಿಕ್ಕದಾಗಿ ಹೇಳು. ಆ ಗಿ ಅನ್ನೋದನ್ನ ಎಳೀಬೇಡ. ಎಳೆದ್ರೆ ಹಿಂದಿಂದ ಬನ್ನಿ ಬಂದು ಹತ್ಕೊಳ್ಳುತ್ತೆ. ಗಿ ಅಂದ ತಕ್ಷಣ ಹಲ್ಲು ಕಚ್ಕೋ.’ ನಾನು ಮೆಷಿನ್ ತುಳಿಯುತ್ತಾ ಹೋಗಿ, ಹೋಗಿ, ಹೋಗಿ ಎಂದು ಹೇಳಿಕೊಂಡೆ. ಮಂಚದ ಮೇಲಿಂದ ತಪ್ಪು ತಿದ್ದುವುದು ನಡೆದೇ ಇತ್ತು. ‘ಈಗಿಂದು ಪರವಾಗಿಲ್ಲ. ಅದರ ಹಿಂದಿನದ್ರಲ್ಲಿ ಬನ್ನಿ ವಾಸನೆ ಇತ್ತು.’

ಮನೆಯೊಳಗೆ ಕಲಿತದ್ದು ಮನೆಯೊಳಗೇ ನಿಲ್ಲಲಿಲ್ಲ. ಪೋಸ್ಟಾಫೀಸಿನ ವನಜಾಕ್ಷಿ ಬ್ಲೌಸ್ ತೆಗೆದುಕೊಂಡು ‘ಬರ್ತೀನಿ ಗಂಗಮ್ಮ’ ಅಂದಳು. ನಾನು ‘ಹೋಗಿ’ ಅಂದು ಹಲ್ಲು ಕಚ್ಚಿಕೊಂಡೆ. ಅವಳು ಮೆಟ್ಟಿಲ ಮೇಲೆ ನಿಂತು, ‘ಯಾಕ್ರೀ, ನಾನೇನು ಮಾಡಿದೆ ನಿಮಗೆ’ ಎಂದು ಕಣ್ಣೀರು ಹಾಕಿಕೊಂಡಳು. ಹಾಲಿನವನು ಮಾರನೆಯ ದಿನದಿಂದ ಗೇಟಿನಾಚೆಯೇ ಹಾಲಿಟ್ಟು ಓಡತೊಡಗಿದ. ಒಂದು ಸಂಜೆ ನಮ್ಮವರು ಚೀಲ ಹಿಡಿದು ‘ತರಕಾರಿ ತರ್ತೀನಿ, ಬರ್ತೀನಿ’ ಅಂದರು. ನಾನು ಪುಟ್ಟದಾಗಿ, ಚೊಕ್ಕವಾಗಿ ‘ಹೋಗಿ’ ಅಂದೆ. ಎಷ್ಟೋ ಹೊತ್ತಾದ ಮೇಲೆ ಹೊರಗೆ ಬಂದು ನೋಡಿದರೆ ಗೇಟಿನ ಸರಳು ಹಿಡಿದುಕೊಂಡು ಬಿಳಿಚಿಕೊಂಡು ಅಲ್ಲೇ ನಿಂತಿದ್ದಾರೆ. ‘ನಾನು ಬರ್ತೀನಿ ಅಂತಲೇ ಅಂದಿದ್ದು ಕಣೇ’ ಅಂದರು. ‘ಗೊತ್ತು ರೀ, ಅದು ಅಭ್ಯಾಸಕ್ಕೆ’ ಎಂದು ಸಮಾಧಾನ ಮಾಡಿ ಒಳಗೆ ಕರೆದುಕೊಂಡು ಬಂದೆ. ಆ ರಾತ್ರಿ ಪಲ್ಯವಿಲ್ಲದೆ ಉಂಡೆವು. ನನ್ನ ಕಾಲಕ್ಕೆ ನಾನು ಇವರನ್ನು ನಂಬಿಕೊಂಡರೆ ಆಗಲಿಕ್ಕಿಲ್ಲ ಎಂದು ಆಗ ಅನ್ನಿಸಿತು.

ಅತ್ತೆಯ ನೋವು ಹೆಚ್ಚಾಯಿತು. ಮಗ್ಗುಲು ಬದಲಿಸುವಾಗ ಬೈಯುತ್ತಿದ್ದವರು ಬೈಯುವುದನ್ನು ನಿಲ್ಲಿಸಿ ಬರೀ ನರಳತೊಡಗಿದರು. ಆ ವಾರ ಮತ್ತೆ ಎಲ್ಲರನ್ನೂ ಕರೆಸಿದರು. ಈ ಸಲ ಒಲೆ ಆರಿಸಿ, ಕೈಕಾಲು ತೊಳೆದು, ನಾನು ಮಂಚದ ಪಕ್ಕ ನಿಂತೆ. ‘ಗಂಗೀ, ನಾನು ಹೋಗ್ತೀನಿ’ ಅಂದರು. ‘ಹೋಗಿ’ ಅಂದೆ. ಕತ್ತರಿಯಲ್ಲಿ ದಾರ ಕತ್ತರಿಸಿದ ಹಾಗಿತ್ತು. ಹಿಂದೆ ಮುಂದೆ ಏನೂ ಅಂಟಿಕೊಂಡಿರಲಿಲ್ಲ. ಸರ್ವಮಂಗಳ ಕೂಡ, ‘ಚೆನ್ನಾಗಿ ಬಂತು ಅತ್ತಿಗೆ’ ಅಂದಳು.

ಅತ್ತೆ ಮಾತ್ರ ಕಣ್ಣು ಮುಚ್ಚಲಿಲ್ಲ. ನನ್ನನ್ನೇ ನೋಡುತ್ತಾ, ‘ಅಷ್ಟೇನಾ’ ಅಂದರು.

‘ಏನು ಅಷ್ಟೇನಾ?’

‘ಬಾಗಿಲಿಗೆ ಬಂದ ಬಳೆಗಾರ್ತಿ ಹೊರಟ್ರೆ, ಇರು, ಒಂದು ಲೋಟ ಮಜ್ಜಿಗೆ ಕುಡ್ಕೊಂಡು ಹೋಗು ಅಂತೀಯ. ಇನ್ಷೂರೆನ್ಸ್‌ನೋನಿಗೂ, ಕೂತ್ಕೊಳ್ಳಿ, ಏನವಸರ ಅಂತೀಯ. ನಾನು ಹೋಗ್ತೀನಿ ಅಂದ್ರೆ ಮಾತು ಬಾಯಿಂದ ಬೀಳೋದ್ರೊಳಗೆ ಹೋಗಿ ಅಂದ್ಬಿಟ್ಯಲ್ಲ.’

‘ನೀವೇ ಅಲ್ವಾ ಅತ್ತೆ, ಹಿಂಗೇ ಹೇಳು ಅಂತ ತಿಂಗಳುಗಟ್ಟಲೆ ತಿದ್ದಿದ್ದು?’

‘ನಾನು ಹೋಗಿ ಅನ್ನೋದು ಹೇಳ್ಕೊಟ್ಟೆ. ಅದಕ್ಕೆ ಮುಂಚೆ ಏನನ್ಬೇಕು ಅಂತ ನಾನೇ ಹೇಳ್ಕೊಡ್ಬೇಕಾ? ಹೋಗು ಅಂದ ತಕ್ಷಣ ಎದ್ದು ಹೋಗೋಕೆ ನಾನೇನು ಬಿಟ್ಟಿ ಬಿದ್ದಿದೀನಾ? ನಾನು ಹೋಗಲ್ಲ. ಅನ್ನ ಕಲಸಿ ಕೊಡು.’

ಹೀಗೂ ಆಗಬಹುದು ಎಂದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮವರು ಸಂತೋಷಕ್ಕೆ ಅತ್ತರು. ಸರ್ವಮಂಗಳ ಸೀರೆ ಮಡಿಸಿ ಪೆಟ್ಟಿಗೆಗೆ ಹಾಕಿ, ‘ಅವ್ವ ತೀರ್ಮಾನ ಮಾಡ್ಕೊಂಡ ಮೇಲೆ ಫೋನ್ ಮಾಡಿ ಅತ್ತಿಗೆ’ ಎಂದು ಸಂಜೆಯ ಬಸ್ಸಿಗೆ ಹೊರಟಳು. ನಾನು ಮಾತ್ರ ಕೊತಕೊತ ಕುದಿಯುತ್ತಿದ್ದೆ. ಗಿರಾಕಿಗಳನ್ನು ಕಳೆದುಕೊಂಡು, ಗಂಡನನ್ನು ಗೇಟಿನಲ್ಲಿ ನಿಲ್ಲಿಸಿ ಕಲಿತ ಮಾತು. ಅದಕ್ಕೆ ಈ ಬಹುಮಾನ. ಆವತ್ತಿನಿಂದ ಅತ್ತೆಯೊಂದಿಗೆ ಮಾತು ಬಿಟ್ಟೆ. ಸ್ನಾನ ಮಾಡಿಸಿದೆ, ಮುಲಾಮು ಹಚ್ಚಿದೆ, ಗಂಜಿ ಕುಡಿಸಿದೆ, ಬಾಯಿ ಮಾತ್ರ ಬಿಡಲಿಲ್ಲ. ಅತ್ತೆಯೂ ಬಿಡಲಿಲ್ಲ. ನಮ್ಮವರು ನಡುವೆ ನಿಂತು, ‘ಅವ್ವಂಗೆ ನೀರು ಬೇಕಂತೆ’, ‘ಅವಳು ಕೊಡ್ತಾಳಂತೆ’ ಎಂದು ಎರಡೂ ಕಡೆ ಸಾಗಿಸಿದರು.

ಒಂದು ಮಧ್ಯಾಹ್ನ ನಮ್ಮವರು ಕ್ಷೌರಕ್ಕೆ ಹೋಗಿದ್ದರು. ನಾನು ಬ್ಲೌಸಿನ ತೋಳಿಗೆ ಪಟ್ಟಿ ಕೊಡುತ್ತಾ ಕೂತಿದ್ದೆ. ಹಿಂದಿನಿಂದ ನರಳುವುದು ಕೇಳಿಸುತ್ತಿತ್ತು. ಕೇಳಿಸದವಳ ಹಾಗೆ ಎರಡು ಹೊಲಿಗೆ ಹಾಕಿದೆ. ಮೂರನೆಯದು ಸೊಟ್ಟ ಹೋಯಿತು. ಎದ್ದು ಹೋಗಿ ಮಗ್ಗುಲು ಬದಲಿಸಿದೆ. ಅತ್ತೆಯ ಮೈ ಒಂದು ಹಳೆಯ ಹತ್ತಿ ಸೀರೆಯಷ್ಟು ಹಗುರವಾಗಿತ್ತು. ಬೆನ್ನು ನೋಡಲಾಗುತ್ತಿರಲಿಲ್ಲ. ಅವರು ನನ್ನ ಮೊಣಕೈ ಹಿಡಿದುಕೊಂಡು, ಯಾರನ್ನೂ ಕರೆಸದೆ, ದಿಂಬಿಗೂ ಒರಗದೆ, ‘ಗಂಗೀ, ಹೋಗ್ತೀನಿ’ ಅಂದರು.

ನಾನು ಜಾಣತನ ಮಾಡಿದೆ. ಈ ಸಲ ಲೋಪವಾಗಬಾರದು ಎಂದು ಉಪಚಾರದ ದನಿ ತಂದುಕೊಂಡು, ‘ಇರಿ ಅತ್ತೆ, ಏನವಸರ’ ಅಂದೆ.

‘ಇಲ್ಲ, ಹೊತ್ತಾಯ್ತು’ ಅಂದರು, ನೆಂಟರ ಹಾಗೆಯೇ.

‘ಊಟ ಮಾಡ್ಕೊಂಡು ಹೋದ್ರಾಯ್ತು.’

‘ನಿನ್ನ ಉಪ್ಪಿಲ್ಲದ ಸಾರು ಉಣ್ಣೋಕೆ ಇಷ್ಟು ದಿನ ಇದ್ದಿದ್ದೇ ಹೆಚ್ಚು.’

‘ಉಪ್ಪು ಇಲ್ದಿರೋದು ನಿಮ್ಮ ನಾಲಿಗೇಲಿ. ನನ್ನ ಸಾರಲ್ಲಲ್ಲ.’

‘ನಾಲಿಗೆ ಚೆನ್ನಾಗಿದ್ದಾಗಲೂ ಇರ್ಲಿಲ್ಲ.’

‘ನಲವತ್ತು ವರ್ಷ ಎರಡೆರಡು ಸಲ ಬಡಿಸ್ಕೊಂಡು ಉಂಡ್ರಲ್ಲ, ಆಗ ಹೇಳ್ಬೇಕಿತ್ತು.’

‘ಹೇಳಿದ್ರೆ ಕೇಳೋಳಾ ನೀನು?’ ಅಂದರು. ನಕ್ಕರು. ನಗುವಾಗ ನೋವಾಗಿ ಮುಖ ಕಿವುಚಿದರು. ಅದನ್ನು ನೋಡಿದ್ದೇ ನನಗೆ ಎಲ್ಲಿತ್ತೋ ದುಃಖ ಬಂದುಬಿಟ್ಟಿತು. ಈ ಮನೆಯಲ್ಲಿ ನಾನು ಮಾತಾಡಿದ ಮಾತುಗಳಲ್ಲಿ ಮುಕ್ಕಾಲು ಪಾಲು ಈ ಹೆಂಗಸಿನ ಜೊತೆಗೇ ಆಡಿದ್ದೆ. ನಾಳೆ ಸಾಸಿವೆ ಮೊದಲೇ ಹಾಕಿದರೂ ಏನೂ ಅನ್ನುವವರಿಲ್ಲ. ‘ಇರಿ ಅತ್ತೆ’ ಅಂದೆ. ಉಪಚಾರದ ದನಿ ಎಲ್ಲೋ ಹೋಗಿತ್ತು. ‘ಹೋಗ್ಬೇಡಿ. ನಾನು ಯಾರ ಹತ್ರ ಜಗಳ ಆಡ್ಲಿ? ಇನ್ನೊಂದು ನಾಲ್ಕು ದಿನ ಇರಿ.’

ಅತ್ತೆ ನನ್ನ ಮೊಣಕೈ ತಟ್ಟಿದರು. ‘ಈಗ ಹೇಳ್ದೆ ನೋಡು’ ಅಂದರು. ‘ಇಷ್ಟೊಂದು ದಿನ ಮಾಡ್ಬೇಕಾ ಇದಕ್ಕೆ?’ ಅವರ ಮುಖದಲ್ಲಿದ್ದ ಸಿಟ್ಟೆಲ್ಲ ಇಳಿದುಹೋಗಿತ್ತು. ಹೊಟ್ಟೆ ತುಂಬಾ ಉಂಡು ಕೈತೊಳೆದವರ ಹಾಗೆ ಕಾಣುತ್ತಿದ್ದರು. ಆಮೇಲೆ ಸುಮ್ಮನೆ ನನ್ನ ಮುಖ ನೋಡುತ್ತಾ ಕಾದರು.

ಇನ್ನು ನನ್ನ ಸರದಿ. ನಿಜವಾಗಿ ಇರಿ ಅಂದವಳು ಈಗ ನಿಜವಾಗಿ ಹೋಗಿ ಅನ್ನಬೇಕು. ಅಷ್ಟು ದಿನ ತಿದ್ದಿದ ನಾಲಿಗೆಯಲ್ಲಿ ಒಂದಕ್ಷರ ಇರಲಿಲ್ಲ. ದ್ಯಾವಣ್ಣನವರನ್ನು ನೆನೆಸಿಕೊಂಡೆ. ಈ ನಾಲಿಗೆ, ಈ ಕೊಂಕು, ಈ ಕಣ್ಣಿನ ಅಳತೆ ಒಂದೊಂದೇ ಬಿಟ್ಟು ಬಂದು ಅತ್ತೆ ಲೈಟ್ ಕಂಬದ ಯೋಗಕ್ಷೇಮ ಕೇಳುವುದನ್ನು ನೆನೆಸಿಕೊಂಡೆ. ‘ಹೋಗಿ’ ಅಂದೆ.

ಚಿಕ್ಕದಾಗಿ ಬರಲಿಲ್ಲ, ಚೊಕ್ಕವಾಗಿಯೂ ಬರಲಿಲ್ಲ. ಅಳುವಿನಲ್ಲಿ ಆ ಗಿ ಎಳೆದುಕೊಂಡು ಹೋಯಿತು. ಅದರ ಹಿಂದೆಯೇ ಇನ್ನೊಂದು ಮಾತು ಗಂಟಲು ದಾಟಿ, ನಾಲಿಗೆ ದಾಟಿ, ತುಟಿಗೆ ಬಂದು ನಿಂತಿತು. ನಾನು ಹಲ್ಲು ಕಚ್ಚುವುದನ್ನೂ ಮರೆತಿದ್ದೆ. ತುಟಿ ಆಗಲೇ ಕೂಡಿಕೊಂಡಿತ್ತು, ಅದು ತೆರೆದರೆ ಮುಗಿಯಿತು. ಅಷ್ಟರಲ್ಲಿ ಅತ್ತೆ ಕೈಯೆತ್ತಿ ಎರಡು ಬೆರಳು ನನ್ನ ಬಾಯಿಯ ಮೇಲೆ ಇಟ್ಟರು. ಒಂದು ವಾರದಿಂದ ಲೋಟ ಹಿಡಿಯಲಾಗದಿದ್ದ ಕೈ ಅದು. ಗಟ್ಟಿಯಾಗಿ ಒತ್ತಿ ಹಿಡಿದು, ನನ್ನನ್ನೇ ನೋಡುತ್ತಾ ಹೋದರು.

ಕೈ ಜಾರಿ ಹಾಸಿಗೆಯ ಮೇಲೆ ಬಿದ್ದಿತು. ನಾನು ತುಟಿ ಬಿಚ್ಚಲಿಲ್ಲ. ನಮ್ಮವರು ತಲೆ ಒರೆಸಿಕೊಳ್ಳುತ್ತಾ ಒಳಗೆ ಬಂದು, ‘ಏನೇ, ಯಾಕೆ ಸುಮ್ಮನಿದೀಯ’ ಎಂದು ಕೇಳಿದರು, ಮಂಚದ ಕಡೆ ನೋಡಿದರು, ನೆಲದ ಮೇಲೆ ಕೂತು ಅಳತೊಡಗಿದರು. ಆಗಲೂ ಬಿಚ್ಚಲಿಲ್ಲ. ಊಟದ ಹೊತ್ತು ಕಳೆದು, ಸಂಜೆಯಾಗಿ, ಅತ್ತೆ ಬರುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಬಿಚ್ಚಲಿಲ್ಲ. ನಲವತ್ತು ವರ್ಷ ಪ್ರಯತ್ನಪಟ್ಟ ಮೇಲೆ ಆವತ್ತೊಂದು ದಿನ ನಮ್ಮತ್ತೆ ನನ್ನ ಬಾಯಿ ಮುಚ್ಚಿಸಿದ್ದರು.